ಮೀನಿನ ನಾಣ್ಯ

ರೀಗಾದಲ್ಲಿ ಟ್ರಾಮ್ ನಡೆಸುತ್ತೇನೆ, ಹನ್ನೊಂದನೇ ನಂಬರು.
ಹದಿನೇಳು ವರ್ಷದಲ್ಲಿ ಒಬ್ಬರ ಕೋಟಿನ ತುದಿಯೂ
ನನ್ನ ಬಾಗಿಲಿಗೆ ಸಿಕ್ಕಿಲ್ಲ.
ಕನ್ನಡಿ ನೋಡದೆ ಮುಚ್ಚುವವಳಲ್ಲ ನಾನು.

ಜಂಬಕ್ಕೆ ಹೇಳುತ್ತಿಲ್ಲ.
ಮನೆಯಲ್ಲಿ ನನ್ನ ಆಗ್ನೆಸೆ, ಹನ್ನೊಂದು ತುಂಬಿದವಳು,
ಹೊದಿಕೆಯೊಳಗೆ ಅಂಗೈಯಗಲದ ಬೆಳಕು ಹಚ್ಚಿಕೊಂಡು
ಆರು ವಾರ ಯಾರನ್ನೋ ಹತ್ತಿಸಿಕೊಂಡಿದ್ದಳು.
ನನಗೆ ಗೊತ್ತೇ ಆಗಲಿಲ್ಲ.

ಬೀಗಗಳಿದ್ದವು. ಡಿಪೋದ ರಾಯ್ತಿಸ್
ಊಟದ ಬಿಡುವಿನಲ್ಲಿ ಫೋನು ಇಸಕೊಂಡು
ಇದನ್ನೊತ್ತು, ಅದನ್ನು ಮುಚ್ಚು,
ರಾತ್ರಿ ಒಂಬತ್ತಕ್ಕೆ ತಾನೇ ಆರುತ್ತೆ ನೋಡು
ಎಂದು ಹಾಕಿಕೊಟ್ಟಿದ್ದ. ನಾನು ನೆಮ್ಮದಿಯಾಗಿ
ಬೀಟ್‌ರೂಟ್ ಸೂಪು ಕುಡಿದೆ.
ಪಾಸ್‌ವರ್ಡು ಅವಳ ಹುಟ್ಟಿದ ದಿನ.
ಅವಳಿಗೆ ಗೊತ್ತಿರದ ದಿನವೇನಲ್ಲ.

ಒಂದು ಭಾನುವಾರ ಆಲೂಗಡ್ಡೆ ಸುಲಿಯುತ್ತಿದ್ದೆವು.
ಅಮ್ಮ, ಹಳೇ ದುಡ್ಡಿನ ಮೇಲೆ ಮೀನು ಇತ್ತಂತೆ, ಹೌದಾ?
ಇತ್ತು. ಒಂದು ಲಾತ್ಸ್. ನೆಗೆಯುವ ಸಾಲ್ಮನ್.
ಯಾರು ಹೇಳಿದ್ದು?
ಟೋಮ್ಸ್. ಆಟದಲ್ಲಿ ಸಿಕ್ಕವನು. ಅದನ್ನ ಕೊಟ್ಟು
ಐಸ್‌ಕ್ರೀಮ್ ತಿಂತಿದ್ದನಂತೆ, ಶಾಲೆ ಬಿಟ್ಟ ಮೇಲೆ.
ಅವನಿಗೆಷ್ಟು ವಯಸ್ಸು?
ಹದಿಮೂರು.

ಚಾಕು ನಿಂತಿತು.
ಲಾತ್ಸ್ ಹೋಗಿ ಯೂರೋ ಬಂದ ಚಳಿಗಾಲ
ಇವಳು ನನ್ನ ಹೊಟ್ಟೆಯಲ್ಲಿದ್ದಳು.
ಇಂದು ಹದಿಮೂರರವನು ಅಂದು ಇನ್ನೂ
ಗೋಡೆ ಹಿಡಿದು ಹೆಜ್ಜೆ ಕಲಿಯುತ್ತಿರಬೇಕು.
ಯಾವ ಶಾಲೆ ಬಿಟ್ಟ ಅವನು?
ಯಾವ ಐಸ್‌ಕ್ರೀಮು?

ಕೈ ಮೊದಲು ಹೋದದ್ದು ಅವಳ ಫೋನಿನ ಕಡೆಗೇ.
ಕಿತ್ತುಕೊಂಡು ದೌಗಾವಾ ನದಿಗೆ ಎಸೆಯಬೇಕು ಅನಿಸಿತು.
ಬದಲು ಸಿಪ್ಪೆಯ ಬಟ್ಟಲು ಎತ್ತಿ ಅತ್ತ ಇಟ್ಟೆ.
ನಮ್ಮಮ್ಮ ಸ್ಕೈದ್ರೀತೆ ನನ್ನ ಡೈರಿ ಕಿತ್ತು ಓದಿದ ದಿನದಿಂದ
ಅವಳಿಗೆ ನಾನು ಹವಾಮಾನ ಬಿಟ್ಟು
ಬೇರೇನೂ ಹೇಳಿದ್ದೇ ಇಲ್ಲ.

ಟೋಮ್ಸ್ ಮತ್ತೇನಂತಾನೆ?
ಒಂದು ಆಲೂಗಡ್ಡೆ, ಎರಡು, ಮೂರು.
ನಾಲ್ಕನೆಯದನ್ನು ಸುಲಿದಳು, ಸುಲಿದಳು,
ಗೋಲಿಯಷ್ಟಾಗುವ ತನಕ.
ಫೋಟೋ ಕೇಳ್ತಾನೆ. ಯಾರಿಗೂ ಹೇಳಬೇಡ ಅಂತಾನೆ.
ಒಂದು ಕಳಿಸಿದೆ. ಮುಖದ್ದು ಮಾತ್ರ.
ಬೈತೀಯಾ?

ಬೈಯಲಿಲ್ಲ.
ಒಳ್ಳೆಯತನ ಅಂದುಕೊಳ್ಳಬೇಡಿ, ಬಾಯಿ ಒಣಗಿತ್ತು.
ಹೇಳಿದೆಯಲ್ಲ, ಸಾಕು, ಅಂದೆ.
ಅಷ್ಟಕ್ಕೆ ಅತ್ತಳು, ನನ್ನ ಏಪ್ರನ್ನಿನಲ್ಲಿ,
ಮಣ್ಣಿನ ಕೈಯಲ್ಲೇ.

ಏನನ್ನೂ ಅಳಿಸಬೇಡಿ, ಅಂದಳು ಠಾಣೆಯ ಅಧಿಕಾರಿ.
ನಾನು ಆಗಲೇ ಅರ್ಧ ಅಳಿಸಿದ್ದೆ, ನಾಚಿಕೆಗೆ,
ನೆಂಟರು ಬರುವ ಮುಂಚೆ ನೆಲ ಒರೆಸಿದ ಹಾಗೆ.
ಉಳಿದರ್ಧ ಅವರ ಹತ್ತಿರ ಇದೆ.
ಟೋಮ್ಸ್ ಯಾರೋ ಇನ್ನೂ ತಿಳಿದಿಲ್ಲ.
ನನ್ನ ಓರಗೆಯವನೇ ಇರಬೇಕು.
ಒಂದೇ ಅಂಗಡಿಯ ಮುಂದೆ ಸರದಿಯಲ್ಲಿ ನಿಂತಿದ್ದೆವೇನೋ,
ಒಬ್ಬೊಬ್ಬರ ಮುಷ್ಟಿಯಲ್ಲೂ ಒಂದೊಂದು ಬಿಸಿಯಾದ ಮೀನು.
ದಿನವೂ ನನ್ನ ಟ್ರಾಮನ್ನೇ ಹತ್ತುತ್ತಿರಬಹುದು,
ಮುದುಕಿಯರಿಗೆ ಜಾಗ ಬಿಟ್ಟುಕೊಡುತ್ತಿರಬಹುದು.
ಈಗ ಕನ್ನಡಿಯಲ್ಲಿ ಮುಖಗಳನ್ನು ನೋಡುತ್ತೇನೆ.
ನೋಡಬಾರದು. ನೋಡಬೇಕಾದ್ದು ಬಾಗಿಲು.

ಪಾಸ್‌ವರ್ಡು ಬದಲಿಸಿದೆವು, ಇಬ್ಬರೂ ಕೂತು.
ಅವಳೇ ಆರಿಸಿದಳು. ನನಗೂ ಗೊತ್ತು, ಅವಳಿಗೂ ಗೊತ್ತು,
ಇದೆಂಥ ಬೀಗ ಎಂದು ರಾಯ್ತಿಸ್ ನಕ್ಕ.

ಕಳೆದ ಗುರುವಾರ, ಕೊನೆಯ ಸರದಿ.
ಮೆಜಾಪಾರ್ಕ್ಸ್‌ನ ಕೊನೆಯ ನಿಲ್ದಾಣದಲ್ಲಿ ಫೋನು ತೆಗೆದರೆ
ಅವಳ ಸಂದೇಶ, ಇಪ್ಪತ್ತು ನಿಮಿಷ ಹಳೆಯದು:
ಅಮ್ಮ, ಆಟಕ್ಕೆ ಹೊಸಬಳು ಬಂದಿದ್ದಾಳೆ. ನನ್ನಷ್ಟೇ ವಯಸ್ಸಂತೆ.
ಮೀನಿನ ಪ್ರಶ್ನೆ ಕೇಳಿದೆ.
ಗೊತ್ತಿಲ್ಲ ಅಂದಳು. ಅದು ಒಳ್ಳೇದಾ?

ಟ್ರಾಮ್ ಖಾಲಿ. ಬಾಗಿಲೆಲ್ಲ ತೆರೆದಿತ್ತು,
ಪೈನ್ ಮರಗಳ ಚಳಿ ಹತ್ತಿ ಬಂದು ಸೀಟುಗಳಲ್ಲಿ ಕೂತಿತ್ತು.
ಬರೆದೆ: ನಾನು ಬರುವ ತನಕ ಎದ್ದಿರು.
ಅಳಿಸಿದೆ. ಬೆಳಿಗ್ಗೆ ಶಾಲೆ ಇದೆ.
ಬರೆದೆ: ನನಗೂ ಗೊತ್ತಿಲ್ಲ. ಮಲಗು. ನಾಳೆ ಇಬ್ಬರೂ ಕೇಳೋಣ.

ತಕ್ಷಣ ಉತ್ತರ ಬಂತು, ಒಂಬತ್ತು ದಾಟಿ ಎರಡು ಗಂಟೆಗೆ:
ಸರಿ. ಆಲೂಗಡ್ಡೆ ಮುಗಿದಿದೆ.